ಚಹಾ ಎಲೆಗೆ ಜಾಗ ಬೇಕು: ಸ್ಟೀಲ್ ಇನ್‌ಫ್ಯೂಸರ್ ಬಳಸೋದು ಹೇಗೆ

ಪುಣೆಯಲ್ಲಿ ಚಹಾ ಅಂದ ಕೂಡಲೇ ನೆನಪಾಗೋದು ಅಮೃತತುಲ್ಯ. ಹಿತ್ತಾಳೆ ಪಾತ್ರೆ, ಕುದಿಯುತ್ತಲೇ ಇರುವ ಹಾಲು, ಜಜ್ಜಿದ ಶುಂಠಿ, ಏಲಕ್ಕಿ, ಧಾರಾಳವಾಗಿ ಸಕ್ಕರೆ. ಅದರ ರುಚಿಯೇ ಬೇರೆ, ಅದನ್ನು ಬಿಟ್ಟುಬಿಡಿ ಅಂತ ನಾನು ಯಾರಿಗೂ ಹೇಳೋದಿಲ್ಲ. ಆದರೆ ಈಚೆಗೆ ಇಲ್ಲಿನ ನಮ್ಮ ಕನ್ನಡದ ಮನೆಗಳಿಗೆ ಇನ್ನೊಂದು ಬಗೆಯ ಚಹಾನೂ ಬರುತ್ತಿದೆ. ಡಾರ್ಜಿಲಿಂಗ್ ನೋಡೋಕೆ ಹೋದವರು ತಂದ ಪೊಟ್ಟಣ, ಆಫೀಸಿನವರು ದೀಪಾವಳಿಗೆ ಕೊಟ್ಟ ಡಬ್ಬಿ, ಊಟಿಯಿಂದ ಬರುವಾಗ ಕೊಂಡ ನೀಲಗಿರಿ ಎಲೆ. ಅದರ ಜತೆಗೆ ಒಂದು ಪುಟ್ಟ ಸ್ಟೀಲ್ ಇನ್‌ಫ್ಯೂಸರ್, ಅಂದರೆ ಚಹಾ ಎಲೆ ಹಾಕಿ ಬಿಸಿನೀರಿಗೆ ಇಳಿಬಿಡುವ ತೂತು ತೂತಿನ ಸಾಧನ. ಉತ್ಸಾಹದಿಂದ ಒಂದೆರಡು ಸಲ ಮಾಡಿ ನೋಡುತ್ತಾರೆ. ಒಮ್ಮೆ ಸಪ್ಪೆ, ಇನ್ನೊಮ್ಮೆ ಕಹಿ. ಆಮೇಲೆ ಎಲ್ಲಾ ಅಟ್ಟ ಸೇರುತ್ತದೆ.

ನಮ್ಮ ಪಕ್ಕದ ಮನೆಯ ಅಕ್ಕ ವಿಜಯಪುರದ ಕಡೆಯವರು. "ಏನ್ರೀ ಇದು, ಇಷ್ಟ ರೊಕ್ಕಾ ಕೊಟ್ಟ ತಂದೇವಿ, ಬರೇ ಸಪ್ಪಗ ಐತಲ್ರೀ" ಅಂತ ಒಂದು ಸಂಜೆ ಕಪ್ಪು ಹಿಡಿದುಕೊಂಡೇ ಬಂದರು. ಎಲೆ ಚೆನ್ನಾಗಿಯೇ ಇತ್ತು, ಒಳ್ಳೆ ಡಾರ್ಜಿಲಿಂಗ್. ನೀರೂ ಬಿಸಿಯಾಗಿತ್ತು. ಅವರು ಬಳಸಿದ್ದು ಸರಪಳಿ ಇರುವ ಉರುಟು ಚೆಂಡಿನ ಇನ್‌ಫ್ಯೂಸರ್, ಅದರ ತುಂಬಾ ಎಲೆ ಒತ್ತಿ ತುಂಬಿದ್ದರು. ಚೆಂಡು ಬಿಡಿಸಿ ನೋಡಿದರೆ ಹೊರಗಿನ ಎಲೆಗಳು ತೊಯ್ದು ಅರಳಿದ್ದವು, ಒಳಗೆ ನಡುವಿನವು ಇನ್ನೂ ಸುರುಳಿಯಾಗೇ ಇದ್ದವು, ಬೆರಳಿಂದ ಮುಟ್ಟಿದರೆ ಗಟ್ಟಿ. ಕೊಟ್ಟ ದುಡ್ಡಿನಲ್ಲಿ ಅರ್ಧ ಅಲ್ಲೇ ಉಳಿದುಬಿಟ್ಟಿತ್ತು.

ಇನ್‌ಫ್ಯೂಸರ್ ಅಂದರೆ ಚಹಾ ಸೋಸುವ ಜಾಲರಿಯದೇ ಇನ್ನೊಂದು ರೂಪ ಅಂತ ತುಂಬಾ ಜನ ತಿಳಿದಿದ್ದಾರೆ. ಜಾಲರಿಯ ಕೆಲಸ ಶುರುವಾಗೋದು ಚಹಾ ಆದಮೇಲೆ: ಚರಟ ಹಿಡಿದಿಟ್ಟುಕೊಂಡರೆ ಮುಗೀತು. ಇನ್‌ಫ್ಯೂಸರ್ ಚಹಾ ಆಗುವ ಅಷ್ಟೂ ಹೊತ್ತು ನೀರಿನೊಳಗೇ ಇರುತ್ತದೆ. ಅದು ಎರಡು ಕೆಲಸ ಮಾಡಬೇಕು. ಪ್ರತಿ ಎಲೆಗೂ ಸುತ್ತಲಿಂದ ನೀರು ತಾಗಬೇಕು, ಮತ್ತೆ ನೀವು ಸಾಕು ಅಂದ ಕ್ಷಣಕ್ಕೆ ಎಲೆ ನೀರಿಂದ ಹೊರಗೆ ಬರಬೇಕು. ಎರಡನೆಯದನ್ನು ಎಲ್ಲಾ ಇನ್‌ಫ್ಯೂಸರ್‌ಗಳೂ ಚೆನ್ನಾಗಿ ಮಾಡುತ್ತವೆ. ಸೋಲೋದು ಮೊದಲನೆಯದರಲ್ಲಿ.

ನಮಗೆ ಇದು ತಕ್ಷಣ ಹೊಳೆಯದಿರೋಕೆ ಒಂದು ಕಾರಣ ಕಾಫಿ ಫಿಲ್ಟರ್ ಇರಬೇಕು. ಅದರಲ್ಲಿ ಪುಡಿಯನ್ನು ಒತ್ತಿ ಕೂರಿಸುತ್ತೇವೆ, ಮೇಲೆ ಬಿಸಿನೀರು ಹೊಯ್ಯುತ್ತೇವೆ, ನೀರು ಆ ಪುಡಿಯನ್ನು ದಾಟಿಕೊಂಡು ತೊಟ್ಟು ತೊಟ್ಟಾಗಿ ಕೆಳಗಿಳಿದು ಡಿಕಾಕ್ಷನ್ ಆಗುತ್ತದೆ. ಅಲ್ಲಿ ಒತ್ತೋದೇ ಸರಿ. ಚಹಾ ಎಲೆಯ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ನೀರು ಅಲ್ಲೇ ನಿಂತಿರುತ್ತದೆ, ಎಲೆ ಅದರೊಳಗೆ ಸಡಿಲವಾಗಿ ತೇಲಾಡಬೇಕು. ಒಣ ಎಲೆಯಲ್ಲಿ ತೇವಾಂಶ ಶೇಕಡಾ 3ರ ಆಸುಪಾಸು ಮಾತ್ರ ಇರುತ್ತದೆ. ಬಿಸಿನೀರು ಬಿದ್ದ ಕೂಡಲೇ ಅದು ನೀರು ಹೀರಿ ಬಿಚ್ಚಿಕೊಳ್ಳುತ್ತದೆ, ಮೊದಲಿದ್ದ ಜಾಗದ ಮೂರು ನಾಲ್ಕು ಪಟ್ಟು ಜಾಗ ಕೇಳುತ್ತದೆ. ಎಲೆಯೊಳಗಿನ ಬಣ್ಣ, ಒಗರು, ಕೆಫೀನ್, ಪರಿಮಳ ನೀರಿಗೆ ಬಿಡುತ್ತವೆ. ಎಲೆಯನ್ನು ಮುಟ್ಟಿಕೊಂಡಿರುವ ನೀರು ಗಟ್ಟಿಯಾಗುತ್ತಾ ಹೋಗುತ್ತದೆ. ಆ ಗಟ್ಟಿ ನೀರು ಸರಿದು ಹೊಸ ನೀರು ಬಂದರೆ ಮಾತ್ರ ಮುಂದಿನದು ಬಿಡುತ್ತದೆ. ಸರಿಯೋಕೆ ಜಾಗ ಇಲ್ಲದಿದ್ದರೆ ಎಲ್ಲಾ ಅಲ್ಲಲ್ಲೇ ನಿಂತುಹೋಗುತ್ತದೆ.

ಇದನ್ನು ಕಣ್ಣಲ್ಲೇ ನೋಡಬಹುದು. ಗಾಜಿನ ಲೋಟಕ್ಕೆ ಬಿಸಿನೀರು ಹಾಕಿ, ಇನ್‌ಫ್ಯೂಸರ್ ಇಳಿಬಿಡಿ, ಅಲ್ಲಾಡಿಸಬೇಡಿ. ಸ್ವಲ್ಪ ಹೊತ್ತಿಗೆ ತಳದ ತೂತುಗಳಿಂದ ಕಂದು ಬಣ್ಣದ ಎಳೆಗಳು ಕೆಳಕ್ಕೆ ಇಳಿಯತೊಡಗುತ್ತವೆ. ಎಲೆಯಿಂದ ಬಿಟ್ಟ ರಸ ಬರೀ ನೀರಿಗಿಂತ ಸ್ವಲ್ಪ ಭಾರ, ಅದಕ್ಕೇ ತಳ ಸೇರುತ್ತದೆ. ಒಂದು ನಿಮಿಷದಲ್ಲಿ ಲೋಟದ ಕೆಳಗಿನ ಅರ್ಧ ಕಡುಕೆಂಪು, ಮೇಲಿನ ಅರ್ಧ ಇನ್ನೂ ತಿಳಿ ನೀರು. ಈಗ ಇನ್‌ಫ್ಯೂಸರನ್ನು ನಿಧಾನವಾಗಿ ಎರಡು ಮೂರು ಸಲ ಎತ್ತಿ ಇಳಿಸಿ. ಇಡೀ ಲೋಟ ಒಂದೇ ಬಣ್ಣಕ್ಕೆ ತಿರುಗುತ್ತದೆ. ಎಲೆ ನೆನೆಯುವಾಗ ನಡುವೆ ಒಮ್ಮೆ, ತೆಗೆಯುವ ಮುಂಚೆ ಒಮ್ಮೆ ಹೀಗೆ ಎತ್ತಿ ಇಳಿಸಿದರೆ ಸಾಕು. ಕೆಲವರು ಎಲೆಯನ್ನು ಚಮಚದಿಂದ ಇನ್‌ಫ್ಯೂಸರ್ ಗೋಡೆಗೆ ಒತ್ತಿ ಹಿಂಡುತ್ತಾರಲ್ವಾ, ಅದು ಬೇಡ. ಹಿಂಡಿದರೆ ಎಲೆಯ ಒಳಗೆ ಉಳಿದ ಒಗರೆಲ್ಲಾ ಕೊನೆಗೆ ಒಟ್ಟಿಗೇ ಬಂದು ಕಪ್ಪಿಗೆ ಸೇರುತ್ತದೆ.

ಹಾಗಾದರೆ ಯಾವ ಇನ್‌ಫ್ಯೂಸರ್ ಕೊಳ್ಳೋದು? ಅಂಗಡಿಯಲ್ಲಿ ಹತ್ತು ಬಗೆ ಸಿಗುತ್ತವೆ. ಸರಪಳಿ ಇರುವ ಚೆಂಡು, ಚಿಮ್ಮಟದಂಥ ಹಿಡಿಕೆ ಇರುವ ಚೆಂಡು, ಮುಚ್ಚಳ ಇರುವ ಚಮಚ, ಪೆನ್ನಿನ ಹಾಗೆ ಉದ್ದ ಕೊಳವೆ, ಕಪ್ಪಿನ ಬಾಯಿಯ ಮೇಲೆ ಕೂರುವ ಬುಟ್ಟಿ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ: ಬುಟ್ಟಿ ಕೊಳ್ಳಿ. ಕಪ್ಪಿನ ತಳದ ಹತ್ತಿರದವರೆಗೂ ಇಳಿಯುವಂಥ ಆಳದ, ಅಗಲ ಬಾಯಿಯ ಬುಟ್ಟಿ. ಚೆಂಡಿನ ಲೆಕ್ಕ ನೋಡಿ. 4 ಸೆಂಟಿಮೀಟರ್ ಅಡ್ಡಳತೆಯ ಚೆಂಡಿನೊಳಗೆ ಸುಮಾರು 33 ಮಿಲಿಲೀಟರ್ ಜಾಗ ಇರುತ್ತದೆ. 2 ಗ್ರಾಂ ಉದ್ದ ಎಲೆ ಒಣಗಿದ್ದಾಗಲೇ ಅದರಲ್ಲಿ ಕಾಲು ಭಾಗದಷ್ಟು ತುಂಬುತ್ತದೆ, ನೆನೆದು ಮೂರು ನಾಲ್ಕು ಪಟ್ಟಾದರೆ ಚೆಂಡು ಭರ್ತಿ. ಅಂದರೆ ಒಬ್ಬರಿಗೆ ಬೇಕಾದಷ್ಟು ಎಲೆಯೇ ಅದಕ್ಕೆ ಕಷ್ಟ. ಕೊಳವೆ ಇನ್‌ಫ್ಯೂಸರ್‌ನಲ್ಲಂತೂ ಇನ್ನೂ ಇಕ್ಕಟ್ಟು, ನೋಡೋಕೆ ಮಾತ್ರ ಚೆಂದ. ಮನೆಯಲ್ಲಿ ಈಗಾಗಲೇ ಚೆಂಡೇ ಇದ್ದರೆ ಕಾಲು ಭಾಗಕ್ಕಿಂತ ಜಾಸ್ತಿ ತುಂಬಬೇಡಿ, ಉದ್ದ ಎಲೆಯ ಬದಲು ಸಣ್ಣ ಎಲೆ ಬಳಸಿ.

ತೂತಿನ ವಿಷಯ. ಹೆಣೆದ ತಂತಿಯ ಬಲೆ ಇರುವ ಬುಟ್ಟಿಯಲ್ಲಿ ನೀರು ಸರಾಗವಾಗಿ ಓಡಾಡುತ್ತದೆ, ಆದರೆ ಕಣ್ಣು ದೊಡ್ಡದಾಗಿದ್ದರೆ ಪುಡಿ ಕೆಳಗೆ ಇಳಿಯುತ್ತದೆ. ತಗಡಿಗೇ ಸೂಕ್ಷ್ಮ ತೂತು ಹೊಡೆದ ಬುಟ್ಟಿಗಳೂ ಬಂದಿವೆ. ಅವು ಪುಡಿ ಬಿಡೋದಿಲ್ಲ, ಆದರೆ ಸಣ್ಣ ಎಲೆ ಹಾಕಿದರೆ ಬೇಗ ಕಟ್ಟಿಕೊಳ್ಳುತ್ತವೆ. ಎತ್ತಿದಾಗ ನೀರು ಒಳಗೇ ನಿಂತುಬಿಟ್ಟರೆ ತೂತು ಕಟ್ಟಿಕೊಂಡಿದೆ ಅಂತ ಅರ್ಥ.

ಇನ್ನು ಎಲ್ಲಾ ಚಹಾನೂ ಇನ್‌ಫ್ಯೂಸರ್‌ಗೆ ಹೊಂದೋದಿಲ್ಲ. ನಾವು ದಿನಾ ಕುದಿಸೋದು ಸಿಟಿಸಿ ಚಹಾ. ಕ್ರಶ್, ಟಿಯರ್, ಕರ್ಲ್ ಅನ್ನೋದರ ಚಿಕ್ಕ ರೂಪ ಅದು. ಹಲ್ಲುಗಳಿರುವ ಉರುಳೆಗಳ ನಡುವೆ ಹಸಿ ಎಲೆಯನ್ನು ಹಾಯಿಸಿ, ಹರಿದು, ಸಣ್ಣ ಕಾಳು ಮಾಡುವ ವಿಧಾನ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ವಿಲಿಯಂ ಮೆಕರ್ಚರ್ ಇದನ್ನು ರೂಪಿಸಿದರು. ಎಲೆ ಚೂರು ಚೂರಾಗಿರೋದರಿಂದ ನೀರಿಗೆ ಬೇಗ ಬಣ್ಣ ಬಿಡುತ್ತದೆ, ಹಾಲು ಹಾಕಿದರೂ ಗಟ್ಟಿಯಾಗೇ ಇರುತ್ತದೆ. ಹಾಲಿನ ಚಹಾಕ್ಕೆ ಇದಕ್ಕಿಂತ ಒಳ್ಳೇದಿಲ್ಲ. ಊರಿಂದ ಬರುವವರು ಚಿಕ್ಕಮಗಳೂರಿನ ಕೆಳಗೂರು ಚಹಾ ಪುಡಿ ತಂದರೆ ಅದನ್ನು ಪಾತ್ರೆಯಲ್ಲೇ ಕುದಿಸಿ, ಜಾಲರಿಯಲ್ಲಿ ಸೋಸಿ. ಇನ್‌ಫ್ಯೂಸರ್‌ಗೆ ಹಾಕಿದರೆ ಸಣ್ಣ ಪುಡಿ ಕಪ್ಪಿಗೆ ಇಳಿಯುತ್ತದೆ, ಉಳಿದದ್ದು ಒಂದೇ ಮುದ್ದೆಯಾಗಿ ತೂತು ಮುಚ್ಚುತ್ತದೆ.

ಇನ್‌ಫ್ಯೂಸರ್‌ಗೆ ಹೇಳಿ ಮಾಡಿಸಿದ್ದು ಆರ್ಥೊಡಾಕ್ಸ್ ಚಹಾ. ಎಲೆಯನ್ನು ಬಾಡಿಸಿ, ಹರಿಯದೆ ಹೊಸೆದು ಸುರುಳಿ ಮಾಡಿ, ಒಣಗಿಸಿದ್ದು. ಡಾರ್ಜಿಲಿಂಗ್, ಅಸ್ಸಾಂ ಉದ್ದೆಲೆ, ನೀಲಗಿರಿ, ಕಾಂಗ್ಡಾ, ಹಸಿರು ಚಹಾ, ಊಲಾಂಗ್, ಎಲ್ಲಾ ಈ ಕಡೆಗೆ ಬರುತ್ತವೆ. ಮೊದಲ ಸಲ ಕೊಳ್ಳೋರಿಗೆ ನಾನು ನೀಲಗಿರಿಯನ್ನೇ ಹೇಳುತ್ತೇನೆ. ಒಂದು ನಿಮಿಷ ಹೆಚ್ಚು ಕಡಿಮೆ ಆದರೂ ಅದು ಅಷ್ಟೇನೂ ಕಹಿಯಾಗೋದಿಲ್ಲ. ಡಾರ್ಜಿಲಿಂಗ್‌ನ ಮೊದಲ ಕೊಯ್ಲು, ಅಂದರೆ ಮಾರ್ಚ್ ಏಪ್ರಿಲ್‌ನ ಎಲೆ, ಬಹಳ ನಾಜೂಕು. ನೀರಿನ ಶಾಖ, ಹೊತ್ತು ಎರಡೂ ಕೈಗೆ ಹತ್ತಿದ ಮೇಲೆ ಅದನ್ನು ತನ್ನಿ.

ಟೀ ಬ್ಯಾಗ್ ಇದೆಯಲ್ಲಾ, ಇಷ್ಟೆಲ್ಲಾ ಯಾಕೆ ಅಂತ ಕೇಳಬಹುದು. ಒಂದು, ಸಾಮಾನ್ಯ ಟೀ ಬ್ಯಾಗ್‌ನಲ್ಲಿ ಇರೋದು ಹೆಚ್ಚಾಗಿ ಎಲೆಯ ಸಣ್ಣ ಚೂರು ಮತ್ತು ಪುಡಿ. ಎರಡು, ಹೊಳೆಯುವ ಬಲೆಯಂಥ ಚೀಲಗಳಲ್ಲಿ ಕೆಲವು ನೈಲಾನ್ ಅಥವಾ ಪೆಟ್ ಪ್ಲಾಸ್ಟಿಕ್‌ನವು. 2019ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಚೀಲವನ್ನು 95 ಡಿಗ್ರಿ ನೀರಲ್ಲಿ ನೆನೆಸಿ, ಅದು ಕೋಟ್ಯಂತರ ಸೂಕ್ಷ್ಮ ಪ್ಲಾಸ್ಟಿಕ್ ಕಣ ಬಿಡುತ್ತದೆ ಅಂತ ಹೇಳಿದರು. ಆ ಎಣಿಕೆಯ ವಿಧಾನದ ಬಗ್ಗೆ ಆಮೇಲೆ ತಕರಾರೂ ಬಂತು. ಆದರೂ ಬಿಸಿನೀರಲ್ಲಿ ಪ್ಲಾಸ್ಟಿಕ್ ನೆನೆಸೋದು ಯಾಕೆ ಬೇಕು, ಒಂದು ಸಲ ಕೊಂಡ ಸ್ಟೀಲ್ ಬುಟ್ಟಿ ವರ್ಷಗಟ್ಟಲೆ ಬರುವಾಗ?

ಸ್ಟೀಲ್ ಅಂದೆನಲ್ಲಾ, ಅದರಲ್ಲೂ ನೋಡಬೇಕಾದದ್ದಿದೆ. ತುಳಶಿಬಾಗ್‌ನ ಪಾತ್ರೆ ಅಂಗಡಿಗಳಲ್ಲಿ ಕೇಳಿದರೆ "ತಾಈ, ಹೇ ಗಂಜತ್ ನಾಹೀ" ಅಂತಲೇ ಹೇಳುತ್ತಾರೆ, ತುಕ್ಕು ಹಿಡಿಯೋದಿಲ್ಲ ಅಂತ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರೋಕೆ ಕಾರಣ ಅದರೊಳಗಿನ ಕ್ರೋಮಿಯಂ. ಶೇಕಡಾ 10.5ಕ್ಕಿಂತ ಜಾಸ್ತಿ ಕ್ರೋಮಿಯಂ ಇದ್ದರೆ ಗಾಳಿಯ ಆಮ್ಲಜನಕದ ಜತೆ ಸೇರಿ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಪದರ ಕಟ್ಟುತ್ತದೆ. ಗೀರು ಬಿದ್ದರೂ ಆ ಪದರ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಇಂಥ ಉಕ್ಕು ತಯಾರಿಸಿದರು. ಚಹಾಕ್ಕೆ ಇದು ಯಾಕೆ ಮುಖ್ಯ ಅಂದರೆ, ಚಹಾದ ಒಗರಿನ ಅಂಶಗಳು ಕಬ್ಬಿಣದ ಜತೆ ಸೇರಿದರೆ ಶಾಯಿಯ ಹಾಗೆ ಕಪ್ಪು ಬಣ್ಣ ಬರುತ್ತದೆ, ನಾಲಿಗೆಗೆ ಲೋಹದ ರುಚಿ ಹತ್ತುತ್ತದೆ. ಆ ಕ್ರೋಮಿಯಂ ಪದರ ಗಟ್ಟಿಯಾಗಿದ್ದರೆ ಎಲೆಗೂ ಕಬ್ಬಿಣಕ್ಕೂ ಭೇಟಿಯೇ ಆಗೋದಿಲ್ಲ.

ಕೊಳ್ಳುವಾಗ 304 ಅಥವಾ 18/8 ಅಂತ ಗುರುತು ಇದೆಯಾ ನೋಡಿ. ಶೇಕಡಾ 18 ಕ್ರೋಮಿಯಂ, 8 ನಿಕಲ್ ಅಂತ ಅದರ ಅರ್ಥ. 202 ಅಂತ ಇನ್ನೊಂದು ಬಗೆ ಇದೆ, ಅದರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಅಗ್ಗ, ಆದರೆ ತುಕ್ಕನ್ನು ತಡೆಯುವ ಶಕ್ತಿ ಅಷ್ಟಿಲ್ಲ. ಆಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತದೆ ಅಂತ ಹೇಳುತ್ತಾರೆ, ಅದು ಅರ್ಧ ನಿಜ ಮಾತ್ರ. ಗಟ್ಟಿಯಾಗಿ ಅಂಟಿಕೊಂಡರೆ ಅದು 304 ಅಲ್ಲ ಅನ್ನಬಹುದು. ಅಂಟದಿದ್ದರೆ 304 ಇರಬಹುದು, 202 ಕೂಡ ಇರಬಹುದು, ಎರಡನ್ನೂ ಆಯಸ್ಕಾಂತ ಎಳೆಯೋದಿಲ್ಲ. ಬಲೆಗಿಂತ ಜಾಸ್ತಿ ಗಮನ ಕೊಡಬೇಕಾದದ್ದು ಜೋಡಣೆಗಳಿಗೆ. ಬಲೆ ಅಂಚಿಗೆ ಸೇರುವ ಕಡೆ, ಹಿಡಿಕೆಯ ಬೆಸುಗೆ, ಚೆಂಡಿನ ಕೀಲು, ಸರಪಳಿಯ ಕೊಂಡಿ. ಬಲೆ ಒಳ್ಳೆ ಸ್ಟೀಲ್ ಇದ್ದು ಸರಪಳಿ ಬರೀ ಲೇಪ ಹಚ್ಚಿದ ಕಬ್ಬಿಣ ಇರುವ ಮಾಲು ಬೇಕಾದಷ್ಟಿದೆ. ನೀರು ನಿಲ್ಲುವ ಆ ಸಂದುಗಳಲ್ಲೇ ಮೊದಲು ಕಂದು ಚುಕ್ಕೆ ಕಾಣಿಸಿಕೊಳ್ಳೋದು. ಬುಟ್ಟಿಯಲ್ಲಿ ಸಂದು ಕಡಿಮೆ, ಕೀಲಿಲ್ಲ, ಸರಪಳಿಯೂ ಇಲ್ಲ.

ಸ್ಟೀಲ್ ಹಾಕಿದರೆ ನೀರು ಆರಿಹೋಗುತ್ತದೆ ಅನ್ನೋ ಮಾತೂ ಕೇಳಿದ್ದೇನೆ. 30 ಗ್ರಾಂ ತೂಕದ ಬುಟ್ಟಿ 200 ಮಿಲಿಲೀಟರ್ ಕುದಿನೀರಿಂದ ಕದಿಯೋದು ಹೆಚ್ಚೂ ಕಡಿಮೆ ಒಂದು ಡಿಗ್ರಿ ಶಾಖ ಅಷ್ಟೇ. ನಿಜವಾಗಿ ಶಾಖ ಕುಡಿಯೋದು ದಪ್ಪ ಪಿಂಗಾಣಿ ಕಪ್ಪು. ಅದು ಹತ್ತು ಡಿಗ್ರಿಯವರೆಗೂ ಇಳಿಸಿಬಿಡಬಹುದು. ಅದಕ್ಕೇ ಕಪ್ಪಿಗೆ ಮೊದಲು ಸ್ವಲ್ಪ ಬಿಸಿನೀರು ಹಾಕಿ, ಸುತ್ತಾಡಿಸಿ ಚೆಲ್ಲಿ, ಆಮೇಲೆ ಎಲೆ ಇಟ್ಟು ನೀರು ಹೊಯ್ಯಿರಿ. ಮೇಲೆ ಒಂದು ತಟ್ಟೆ ಮುಚ್ಚಿ. ಪರಿಮಳ ಮೊದಲು ಹಾರಿಹೋಗೋದು ಹಬೆಯ ಜತೆಗೇ.

ಎಷ್ಟು ಬಿಸಿ ಇರಬೇಕು ಅನ್ನೋದು ಎಲೆಯ ಮೇಲೆ ಹೋಗುತ್ತದೆ. ನೀಲಗಿರಿ, ಅಸ್ಸಾಂನಂಥ ಕಪ್ಪು ಚಹಾಕ್ಕೆ ಕುದಿನೀರೇ ಬೇಕು. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ, ಮುಂಬೈಯಲ್ಲಾದರೆ 100ಕ್ಕೆ. ಎರಡು ಡಿಗ್ರಿಯಿಂದ ಏನೂ ಕೆಡೋದಿಲ್ಲ, ಆದರೆ ಕುದಿದ ಮೇಲೆ ಇನ್ನಷ್ಟು ಆರಲಿ ಅಂತ ಬಿಡೋಕೆ ಇಲ್ಲಿ ಅವಕಾಶ ಕಡಿಮೆ, ತಕ್ಷಣ ಹೊಯ್ಯಬೇಕು. ಡಾರ್ಜಿಲಿಂಗ್ ಮೊದಲ ಕೊಯ್ಲಿಗೆ 85ರಿಂದ 90 ಸಾಕು. ಹಸಿರು ಚಹಾಕ್ಕೆ 70ರಿಂದ 80. ಹಸಿರು ಚಹಾ ಕಹಿ ಅಂತ ಮುಖ ಸಿಂಡರಿಸುವವರಲ್ಲಿ ತುಂಬಾ ಜನ ಅದರ ಮೇಲೆ ಕುದಿನೀರು ಸುರಿದವರೇ. ಅದರಲ್ಲಿರುವ ಕ್ಯಾಟಿಚಿನ್ ಅನ್ನೋ ಒಗರಿನ ಅಂಶ ಜಾಸ್ತಿ ಶಾಖಕ್ಕೆ ಜಾಸ್ತಿ ಬಿಡುತ್ತದೆ. ಅದೇ ಎಲೆಗೆ ಸವಿ ಕೊಡುವ ಥಿಯನಿನ್ ಕಡಿಮೆ ಶಾಖಕ್ಕೂ ಸುಲಭವಾಗಿ ಬರುತ್ತದೆ. ಹಾಗಾಗಿ ನೀರು ತಣ್ಣಗಾದಷ್ಟೂ ಸವಿ ಮುಂದೆ, ಒಗರು ಹಿಂದೆ.

ಥರ್ಮಾಮೀಟರ್ ಇಲ್ಲದವರಿಗೆ ಒಂದು ಸುಲಭ ಲೆಕ್ಕ. ಕುದಿನೀರು ಮೂರು ಪಾಲು, ಕುಡಿಯುವ ಮಾಮೂಲಿ ನೀರು ಒಂದು ಪಾಲು. 150 ಮಿಲಿಲೀಟರ್ ಕುದಿನೀರಿಗೆ 50 ಮಿಲಿಲೀಟರ್ ತಣ್ಣೀರು ಬೆರೆಸಿದರೆ ಪುಣೆಯ ಹವೆಗೆ 80 ಡಿಗ್ರಿ ಹತ್ತಿರ ಬರುತ್ತದೆ. ತಣ್ಣೀರನ್ನು ಕಪ್ಪಿಗೆ ಮೊದಲೇ ಹಾಕಿ, ಕುದಿನೀರು ಆಮೇಲೆ, ಕೊನೆಗೆ ಬುಟ್ಟಿ ಇಳಿಸಿ. ಹಾಗೆ ಮಾಡಿದರೆ ಎಲೆಯ ಮೇಲೆ ಕುದಿನೀರು ನೇರ ಬೀಳೋದಿಲ್ಲ.

ಎಲೆ ಎಷ್ಟು? 200 ಮಿಲಿಲೀಟರಿಗೆ 2ರಿಂದ 2.5 ಗ್ರಾಂ. ಇದನ್ನು ಚಮಚದಲ್ಲಿ ಅಳೆಯೋದು ಕಷ್ಟ, ಯಾಕಂದರೆ ಒಂದು ಟೀ ಚಮಚ ಸಿಟಿಸಿ ಎರಡು ಗ್ರಾಂ ದಾಟುತ್ತದೆ, ಅದೇ ಚಮಚ ಉದ್ದ ಎಲೆ ಒಂದೂವರೆ ಗ್ರಾಂ ಕೂಡ ತೂಗೋದಿಲ್ಲ. ಚಿಕ್ಕ ಡಿಜಿಟಲ್ ತಕ್ಕಡಿ ಇದ್ದರೆ ಒಮ್ಮೆ ತೂಗಿ, ಆ ರಾಶಿ ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ನೆನಪಿಟ್ಟುಕೊಳ್ಳಿ. ಚಹಾ ರುಚಿ ನೋಡುವ ಪರಿಣತರಿಗೆ ಐಎಸ್‌ಒ 3103 ಅನ್ನೋ ಅಂತರರಾಷ್ಟ್ರೀಯ ಮಾನದಂಡವೇ ಇದೆ, 1980ರಲ್ಲಿ ಬಂದದ್ದು. 100 ಮಿಲಿಲೀಟರಿಗೆ 2 ಗ್ರಾಂ, ಕುದಿನೀರು, 6 ನಿಮಿಷ. ಕುಡಿಯೋಕೆ ಅದು ವಿಪರೀತ ಗಟ್ಟಿ. ಎಲೆಯ ಗುಣ, ದೋಷ ಎಲ್ಲಾ ಎದ್ದು ಕಾಣಲಿ ಅಂತ ಹಾಗೆ ಮಾಡೋದು. ಗಮನಿಸಬೇಕಾದ ವಿಷಯ ಅಂದರೆ, ಆ ವಿಧಾನದಲ್ಲಿ ಎಲೆಯನ್ನು ಯಾವ ಚೆಂಡಿನಲ್ಲೂ ಕಟ್ಟಿ ಹಾಕೋದಿಲ್ಲ. ಮುಚ್ಚಳದ ಪಿಂಗಾಣಿ ಪಾತ್ರೆಯಲ್ಲಿ ಸಡಿಲವಾಗಿ ಬಿಟ್ಟು, ಅಂಚಿನ ಕಚ್ಚುಗಳ ಮೂಲಕ ಬಗ್ಗಿಸಿಕೊಳ್ಳುತ್ತಾರೆ. ನಿಮ್ಮ ಬುಟ್ಟಿ ಆ ಸಡಿಲಕ್ಕೆ ಎಷ್ಟು ಹತ್ತಿರ ಬರುತ್ತದೋ ಚಹಾ ಅಷ್ಟು ಚೆನ್ನಾಗಿರುತ್ತದೆ.

ಹೊತ್ತಿನ ಲೆಕ್ಕ ಹೀಗಿಟ್ಟುಕೊಳ್ಳಿ. ಹಸಿರು ಚಹಾ 2 ನಿಮಿಷ, ಡಾರ್ಜಿಲಿಂಗ್ 3, ನೀಲಗಿರಿ ಮತ್ತು ಅಸ್ಸಾಂ 3ರಿಂದ 5. ಮೊಬೈಲ್‌ನಲ್ಲಿ ಟೈಮರ್ ಇಡಿ, ಅಂದಾಜಿನ ಮೇಲೆ ಬಿಡಬೇಡಿ. ಪರಿಮಳ ಮತ್ತು ಸವಿ ಮೊದಲು ಬರುತ್ತವೆ, ಒಗರು ನಿಧಾನವಾಗಿ ಏರುತ್ತಲೇ ಹೋಗುತ್ತದೆ. ಚಹಾ ಗಟ್ಟಿಯಾಗಿ ಬೇಕು ಅನಿಸಿದರೆ ಎಲೆ ಜಾಸ್ತಿ ಹಾಕಿ, ಹೊತ್ತು ಜಾಸ್ತಿ ಮಾಡಬೇಡಿ. ಇದೊಂದು ವಿಷಯದಲ್ಲಿ ನಾನು ಸ್ವಲ್ಪವೂ ಬಗ್ಗೋದಿಲ್ಲ. ಹತ್ತು ನಿಮಿಷ ನೆನೆಸಿದ ಡಾರ್ಜಿಲಿಂಗ್ ಗಟ್ಟಿಯಾಗೋದಿಲ್ಲ, ಬರೀ ಕಹಿಯಾಗುತ್ತದೆ. ಇನ್ನೊಂದು ನಂಬಿಕೆ ಇದೆ: ಮೊದಲ 30 ಸೆಕೆಂಡಿನ ನೀರು ಚೆಲ್ಲಿದರೆ ಕೆಫೀನ್ ಎಲ್ಲಾ ಹೋಗುತ್ತದೆ ಅಂತ. ಅಷ್ಟು ಹೊತ್ತಿಗೆ ಕೆಫೀನಿನ ಹೆಚ್ಚಿನ ಪಾಲು ಎಲೆಯಲ್ಲೇ ಇರುತ್ತದೆ, ಹೋಗೋದು ಪರಿಮಳ. ರಾತ್ರಿ ನಿದ್ದೆ ಬರೋದಿಲ್ಲ ಅನ್ನೋರು ಸಂಜೆಯ ಮೇಲೆ ಚಹಾ ಎಲೆಯನ್ನೇ ಬಿಡೋದು ಒಳ್ಳೇದು.

ನೀರಿನ ವಿಷಯಕ್ಕೆ ಪುಣೆಯಲ್ಲಿ ವಿಶೇಷ ಗಮನ ಬೇಕು. ಖಡಕ್‌ವಾಸ್ಲಾದಿಂದ ಬರುವ ನಲ್ಲಿ ನೀರು ಮೆದು, ಚಹಾಕ್ಕೆ ಚೆನ್ನ. ಊರಂಚಿನ ಹೊಸ ಸೊಸೈಟಿಗಳಲ್ಲಿ ಬೋರ್‌ವೆಲ್, ಟ್ಯಾಂಕರ್ ನೀರೇ ಗತಿ, ಅದು ಗಡಸು. ಅಂಥ ನೀರಲ್ಲಿ ಚಹಾ ಮಂಕಾಗಿ ಕಾಣುತ್ತದೆ, ಮೇಲೆ ಎಣ್ಣೆಯಂಥ ತೆಳು ಪೊರೆ ಕಟ್ಟುತ್ತದೆ, ಕಪ್ಪಿನ ಗೋಡೆಗೆ ಕಂದು ಗೆರೆ ಹಿಡಿಯುತ್ತದೆ. ಎಷ್ಟೋ ಜನ ಇದನ್ನು ಸ್ಟೀಲ್ ಬಿಟ್ಟ ಕೊಳೆ ಅಂತಲೋ, ಎಲೆಗೆ ಬಣ್ಣ ಬೆರೆಸಿದ್ದಾರೆ ಅಂತಲೋ ಹೆದರುತ್ತಾರೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಮೈಕೆಲ್ ಸ್ಪಿರೋ ಮತ್ತು ಸಂಗಡಿಗರು ಈ ಪೊರೆಯನ್ನೇ ಅಧ್ಯಯನ ಮಾಡಿ 1993ರಲ್ಲಿ ಪ್ರಕಟಿಸಿದರು. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಇದ್ದಾಗ, ಚಹಾದ ಅಂಶಗಳು ಗಾಳಿ ತಾಗಿ ಈ ಪೊರೆ ಆಗುತ್ತದೆ. ಫಿಲ್ಟರ್ ನೀರು ಬಳಸಿ ನೋಡಿ, ಪೊರೆ ಮಾಯ. ಒಂದೆರಡು ಹನಿ ನಿಂಬೆರಸ ಹಿಂಡಿದರೂ ಹೋಗುತ್ತದೆ, ಬಣ್ಣವೂ ತಿಳಿಯಾಗುತ್ತದೆ.

ಹಾಲು ಬೇಕೇ ಬೇಕು ಅನ್ನೋರು ಅಸ್ಸಾಂ ಉದ್ದೆಲೆ ತಗೊಳ್ಳಿ, 3 ಗ್ರಾಂ ಹಾಕಿ 5 ನಿಮಿಷ ಬಿಡಿ, ಬುಟ್ಟಿ ತೆಗೆದ ಮೇಲೆ ಬಿಸಿ ಹಾಲು ಸ್ವಲ್ಪ ಸೇರಿಸಿ. ಬುಟ್ಟಿಯನ್ನು ಹಾಲಿಗೇ ಇಳಿಸಬೇಡಿ. ಹಾಲಿನ ಪ್ರೋಟೀನು ಒಗರಿನ ಅಂಶಗಳನ್ನು ಹಿಡಿದುಕೊಳ್ಳುತ್ತದೆ, ಕೆನೆ ತೂತಿಗೆ ಮೆತ್ತಿಕೊಳ್ಳುತ್ತದೆ.

ಬುಟ್ಟಿಯ ಇನ್ನೊಂದು ಉಪಕಾರ ಎರಡನೇ ಸಲಕ್ಕೆ. ಒಳ್ಳೆ ಉದ್ದ ಎಲೆ ಒಂದೇ ಸಲಕ್ಕೆ ಖಾಲಿಯಾಗೋದಿಲ್ಲ. ಎತ್ತಿ ನೀರು ಪೂರ್ತಿ ಬಸಿಯೋಕೆ ಬಿಟ್ಟು, ಒಂದು ತಟ್ಟೆಯಲ್ಲಿಡಿ. ಗಂಟೆ ಎರಡು ಗಂಟೆಯೊಳಗೆ ಮತ್ತೆ ಬಿಸಿನೀರು ಹಾಕಿ, ಈ ಸಲ ಒಂದು ನಿಮಿಷ ಜಾಸ್ತಿ ಬಿಡಿ. ಊಲಾಂಗ್ ಮೂರು ನಾಲ್ಕು ಸಲ ಬರುತ್ತದೆ, ಮತ್ತೆ ಎರಡನೆಯದೇ ಮೊದಲನೆಯದಕ್ಕಿಂತ ಚೆನ್ನಾಗಿರೋದೂ ಉಂಟು. ನೀರಲ್ಲೇ ಮುಳುಗಿಸಿಟ್ಟರೆ ಮಾತ್ರ ಈ ಲಾಭ ಇಲ್ಲ. ರಾತ್ರಿಯಿಡೀ ಇಟ್ಟ ಒದ್ದೆ ಎಲೆಯನ್ನು ಬಳಸಬೇಡಿ.

ತೊಳೆಯೋದು ಆಗಿಂದಾಗ್ಗೆ ಆಗಬೇಕು. ಎಲೆ ಇನ್ನೂ ಹಸಿ ಇರುವಾಗ ಬುಟ್ಟಿ ಬೋರಲು ಹಾಕಿ ತಟ್ಟಿದರೆ ಒಟ್ಟಿಗೇ ಬೀಳುತ್ತದೆ, ಒಣಗಿದರೆ ಬಲೆಗೆ ಅಂಟಿಕೊಳ್ಳುತ್ತದೆ. ಹಾಲು ಸಕ್ಕರೆ ಇಲ್ಲದ ಎಲೆಯನ್ನು ಕುಂಡದ ಮಣ್ಣಿಗೆ ಹಾಕಬಹುದು, ಇರುವೆ ಬರೋದಿಲ್ಲ. ಹಳೆ ಟೂತ್‌ಬ್ರಷ್‌ನಿಂದ ಬಲೆಯನ್ನು ಹೊರಗಿನಿಂದ ಒಳಕ್ಕೆ ಉಜ್ಜಿ. ಕಂದು ಕಲೆ ಕೂತಿದ್ದರೆ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ. ಗಡಸು ನೀರಿನ ಬಿಳಿ ಪದರ ಇದ್ದರೆ ನಿಂಬೆರಸ ಅಥವಾ ವಿನೆಗರ್. ಎರಡನ್ನೂ ಒಟ್ಟಿಗೆ ಹಾಕಬೇಡಿ, ಒಂದನ್ನೊಂದು ಕೊಂದುಕೊಳ್ಳುತ್ತವೆ. ಕಬ್ಬಿಣದ ಜುಂಗು ಮುಟ್ಟಿಸಬೇಡಿ, ಅದರ ಚೂರು ಬಲೆಯಲ್ಲಿ ಉಳಿದು ತುಕ್ಕು ಹಿಡಿಯುತ್ತದೆ. ಬ್ಲೀಚ್ ಅಂತೂ ಬೇಡವೇ ಬೇಡ. ಕ್ಲೋರಿನ್ ಅಂಶ ಸ್ಟೀಲಿನ ಆ ಕಾಪಾಡುವ ಪದರವನ್ನೇ ಚುಚ್ಚಿ ಸಣ್ಣ ಗುಳಿ ಮಾಡುತ್ತದೆ.

ಮಳೆಗಾಲದಲ್ಲಿ ಇಲ್ಲಿ ಹಪ್ಪಳ ಮೆತ್ತಗಾಗುವ ಹವೆಯಲ್ಲಿ ಚಹಾ ಎಲೆನೂ ತೇವ ಎಳೆದುಕೊಳ್ಳುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಮಸಾಲೆ ಡಬ್ಬಿಯಿಂದ ದೂರ ಇಡಿ. ಎಲೆ ಅಕ್ಕಪಕ್ಕದ ವಾಸನೆಯನ್ನೂ ಹೀರುತ್ತದೆ. ಬೆರಳಲ್ಲಿ ಮುರಿದಾಗ ಚಟ್ ಅಂದರೆ ಸರಿ, ಬಾಗಿದರೆ ತೇವ ಹೊಕ್ಕಿದೆ.

ಅದೇ ಬುಟ್ಟಿಯಲ್ಲಿ ಗವತಿ ಚಹಾನೂ ಸೊಗಸಾಗಿ ಆಗುತ್ತದೆ. ನಮ್ಮ ಕಡೆ ಮಜ್ಜಿಗೆ ಹುಲ್ಲು ಅನ್ನುತ್ತೇವಲ್ಲಾ, ಅದೇ. ಮಂಡಯಿಯಲ್ಲಿ ಕಟ್ಟು ಕಟ್ಟಾಗಿ ಸಿಗುತ್ತದೆ. ಎಲೆಯನ್ನು ಕತ್ತರಿಯಿಂದ ಒಂದಿಂಚು ತುಂಡು ಮಾಡಿ, ಬೆರಳಲ್ಲಿ ಸ್ವಲ್ಪ ಹೊಸಕಿ ಬುಟ್ಟಿಗೆ ಹಾಕಿ, ಕುದಿನೀರು ಹೊಯ್ದು, ಮುಚ್ಚಿ 8ರಿಂದ 10 ನಿಮಿಷ ಬಿಡಿ. ಚಹಾ ಎಲೆಯಂಥ ಒಗರು ಇದರಲ್ಲಿ ಇಲ್ಲ, ಹೊತ್ತು ಮೀರಿತು ಅನ್ನೋ ಆತಂಕ ಬೇಡ. ಶುಂಠಿ ಖಾರ ಬೇಕಿದ್ದರೆ ಅದನ್ನು ಬುಟ್ಟಿಗೆ ಹಾಕಬೇಡಿ. ಜಜ್ಜಿ ನೀರಲ್ಲಿ ಮೊದಲೇ ಐದು ನಿಮಿಷ ಕುದಿಸಿ, ಆ ನೀರನ್ನೇ ಹುಲ್ಲಿನ ಮೇಲೆ ಹೊಯ್ಯಿರಿ. ಬರೀ ನೆನೆಸಿದರೆ ಶುಂಠಿ ತನ್ನ ಖಾರ ಪೂರ್ತಿ ಬಿಡೋದಿಲ್ಲ.